ಮಿಡಿಗೇಶಿ ಗಿರಣಿಗೆ ಜವೆಗೋಧಿ ಬಂದದ್ದು

ಮೂವತ್ತೊಂದು ವರ್ಷದಿಂದ ನನ್ನ ರೆಪ್ಪೆಯ ಮೇಲೆ ರಾಗಿ ಹಿಟ್ಟು.
ಕಣ್ಣು ಮುಚ್ಚಿ ವಾಸನೆಯಲ್ಲೇ ಹೇಳುತ್ತೇನೆ
ಯಾವ ಮನೆಯ ಚೀಲ, ಹೊಸತೋ, ಹಗೇವು ಕಂಡದ್ದೋ,
ಹೋದವಾರ ಮೆಣಸಿನಕಾಯಿ ಬೀಸಿ ಕಲ್ಲು ಒರೆಸದೆ ಬಿಟ್ಟವರಾರೋ.

ಆಕೆ ಬಂದದ್ದು ಒಂದು ಮಂಗಳವಾರ, ಕರೆಂಟು ಹೋದ ಹೊತ್ತು.
ಬೋರ್‌ವೆಲ್ ಲಾರಿಯ ರಂಗಧಾಮನ ಹೆಂಡತಿ, ಗೋಕಾಕದ ಕಡೆಯವಳು.
ಊರಿಗೆ ಕಸ್ತೂರಮ್ಮ.
ಕಸ್ತೂರೆವ್ವ ರೀ, ಅಂತ ತಿದ್ದಿ ತಿದ್ದಿ ಸಾಕಾಗಿತ್ತು ಆಕೆಗೆ.
ಪುಟ್ಟಿಯಲ್ಲಿ ಕಾಳಿರಲಿಲ್ಲ, ಕಾಳಿನ ಅಂಗಿಗಳಿದ್ದವು:
ಮೀಸೆ ಮುರಿದ, ಮೂತಿ ಚೂಪಾದ, ಒಣಹುಲ್ಲಿನ ಬಣ್ಣದವು.
"ಇದೇನಮ್ಮ, ಭತ್ತವಾ?"
"ಜವೆಗೋಧಿ ರೀ. ನಮ್ಮವ್ವ ಉಡಿಯಾಗ ಹಾಕಿದ್ದು, ಐದು ಮುಷ್ಟಿ."

ಮೊದಲ ವರ್ಷ ಹಿತ್ತಿಲು. ಆಮೇಲೆ ಬದುವಿನುದ್ದ ಒಂದು ಪಟ್ಟಿ.
ಈ ಸಲ ಕೆರೆಯ ಹಿಂದಿನ ಎಂಟು ಗುಂಟೆ.
ಎಲ್ಲರ ಕಡಲೆಕಾಯಿ ಕಿತ್ತಾದ ಮೇಲೆ, ಕಾರ್ತಿಕದ ಚಳಿಗೆ
ಆಕೆ ಸಾಲು ಬಿಟ್ಟದ್ದು ನಾನೂ ಕಂಡಿದ್ದೆ.
ಹೊಟ್ಟು ಸಮೇತ ಬಿತ್ತುತ್ತಾಳೆ, ಮೊಳೆಯುವುದುಂಟೇ, ಎಂದು
ಟೀ ಅಂಗಡಿಯಲ್ಲಿ ನಕ್ಕವರೊಳಗೆ
ನನ್ನ ನಗು ಸ್ವಲ್ಪ ಜೋರೇ ಇತ್ತು.
ಸಂಕ್ರಾಂತಿಗೆ ಪೈರು ಆಕೆಯ ಎದೆಮಟ್ಟ.
ಗುಬ್ಬಿಗಳು ಬಂದು, ಮೀಸೆ ಚುಚ್ಚಿಸಿಕೊಂಡು,
ಪಕ್ಕದ ಸಜ್ಜೆಗೆ ಹಾರಿದವು.

ಕರೆಂಟು ಬಂತು. ಸುರಿದೆ.
ಗಿರಣಿ ಕೆಮ್ಮಿತು,
ಕೊನೆಗಾಲದಲ್ಲಿ ನಮ್ಮಪ್ಪ ಕೆಮ್ಮುತ್ತಿದ್ದ ಹಾಗೆ.
ಬೆಲ್ಟು ಜಾರಿತು. ಕೆಳಗೆ ಬಿದ್ದದ್ದು
ಹಿಟ್ಟೂ ಅಲ್ಲ, ಹೊಟ್ಟೂ ಅಲ್ಲ, ಅವೆರಡರ ಜಗಳ.
ಬೈಯುತ್ತಾಳೆ ಎಂದುಕೊಂಡೆ.
ಬೊಗಸೆಯಲ್ಲಿ ಹಿಡಿದು ಮೆಲ್ಲಗೆ ಊದಿದಳು,
ಒಡೆಯದೆ ಉಳಿದ ಒಂದನ್ನು ಉಗುರಿನಲ್ಲಿ ಬಿಡಿಸಿ ತೋರಿಸಿದಳು:
"ಒಂದ ಅಂಗಿಯಾಗ ಎರಡ ಕಾಳು, ನೋಡ್ರಿ,
ಅವಳಿ ಕೂಸಿನಂಗ ಮಲಗ್ಯಾವ.
ಸಾವಕಾಶ ಎಬ್ಬಸಬೇಕು ರೀ, ಬಾಬಾಜಾನಣ್ಣ."
ಕೂಲಿ ಕೊಡಲು ಬಂದಳು. ನಾನು ಮುಟ್ಟಲಿಲ್ಲ.

ರಾತ್ರಿ ನಿದ್ದೆ ಹತ್ತಲಿಲ್ಲ.
ಗಿರಣಿ ಬಾಗಿಲು ತೆಗೆದು ಮೇಲುಗಲ್ಲು ಇಳಿಸಿದೆ.
ರಾಗಿಗೆ ಕಲ್ಲು ಕಲ್ಲಿಗೆ ತುಟಿ ತಾಗಿಸಬೇಕು.
ಇದಕ್ಕೆ ದೂರ ಬೇಕು. ಎಷ್ಟು ದೂರ?
ನಡುವೆ ಬೀಡಿ ಎಲೆ ಇಟ್ಟು ತಿರುಪು ಬಿಗಿದು,
ಎಲೆ ಎಳೆದುಕೊಂಡು ಓಡಿಸಿದೆ: ಪುಡಿ.
ಎರಡು ಎಲೆ: ಪುಡಿಯೇ.
ರೇಷನ್ ಕಾರ್ಡಿನ ರಟ್ಟು: ಅಂಗಿ ಬಿಚ್ಚದೆ ಉರುಳಿ ಬಂದವು.
ಖೈರುನ್ನಿಸಾ ಟಾರ್ಚು ಹಿಡಿದು ನಿಂತಿದ್ದಳು.
"ನನ್ನ ಮಾತಿಗೆ ಎಂದಾದರೂ ಇಷ್ಟು ಜಾಗ ಬಿಟ್ಟಿದ್ದೀಯಾ?"
ಅಂದು, ಒಳಗೆ ಹೋಗಿ, ಟ್ರಂಕು ತಡಕಿ,
ಮಗಳ ಮದುವೆಗೆ ಮಾಡಿಸಿ ಮಿಕ್ಕಿದ ಪತ್ರಿಕೆಯೊಂದನ್ನು ತಂದಳು.

ಒಂದು ಮದುವೆ ಪತ್ರಿಕೆ, ಮೇಲೊಂದು ಬೀಡಿ ಎಲೆ.
ಅಷ್ಟೇ ದೂರ.
ಕಲ್ಲು ಕೆಮ್ಮದೆ ಗುನುಗಿತು. ಬಿದ್ದವು
ನೀಳ ಕಾಳುಗಳು, ಇಟ್ಟಿಗೆಗಿಂತ ಕೆಂಪು,
ಹೊಟ್ಟೆಯ ಮೇಲೊಂದು ಗೀರು.
ಸುಳ್ಳೇಕೆ, ಕಾಲುಭಾಗ ಒಡೆದೇ ಇತ್ತು.
"ಒಡದದ್ದು ಹುಗ್ಗಿಗೆ ಚಲೋ ಆತು" ಅಂದಳು ಕಸ್ತೂರೆವ್ವ.
ಆ ಸಂಜೆ ಉಪವಾಸ ಬಿಡುವ ಹೊತ್ತಿಗೆ ಸರಿಯಾಗಿ
ಸ್ಟೀಲ್ ಡಬ್ಬಿ ಬಂತು, ಬೆಲ್ಲ, ಗಸಗಸೆ, ಬಿಸಿ.
ಖರ್ಜೂರದ ಆಮೇಲೆ ಅದೇ.
ಹಲ್ಲಿಗೆ ಸಿಕ್ಕಿ, ಸ್ವಲ್ಪ ಎದುರಾಡಿ, ಆಮೇಲೆ ಸೋಲುವ ಕಾಳು.
ಖೈರುನ್ನಿಸಾ ಡಬ್ಬಿಯ ತಳ ಬೆರಳಿನಲ್ಲಿ ಬಳಿದಳು,
ನನಗೆ ಉಳಿಸಲಿಲ್ಲ.

ಜವೆಗೋಧಿ ಬರುವುದು ವರ್ಷಕ್ಕೊಂದು ದಿನ.
ಪತ್ರಿಕೆಯೂ ಎಲೆಯೂ ಗೋಡೆಯ ಮೊಳೆಯಲ್ಲಿ ತೂಗುತ್ತವೆ,
ಯಾರಾದರೂ ಕೇಳಿದರೆ, ಲೆಕ್ಕದ ಚೀಟಿ ಅನ್ನುತ್ತೇನೆ.
ಮಿಕ್ಕ ದಿನವೆಲ್ಲ ಕಲ್ಲು ರಾಗಿಯದೇ.

ಬಿತ್ತು ಎಂದು ಆಕೆ ಕೊಟ್ಟ ಒಂದು ತೆನೆ ಮಾತ್ರ
ಇನ್ನೂ ಜೇಬಿನಲ್ಲಿದೆ. ನನಗೆ ಹೊಲವೆಲ್ಲಿ.
ಸಂಜೆ ನಮಾಜಿಗೆ ಬಾಗಿದಾಗ
ಮೀಸೆ ಎದೆಗೆ ಚುಚ್ಚುತ್ತದೆ.